ಸಿಗಂದೂರು ಸೇತುವೆ ಮೇಲೆ ಕಾರು ನಿಲ್ಲಿಸಬೇಡಿ

ಮಾನ್ಯರೇ,

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಮೇಲೆ, ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ 2025ರ ಜುಲೈನಲ್ಲಿ ತೆರೆದಾಗಿನಿಂದ ಲಾಂಚಿಗೆ ಸಾಲುಗಟ್ಟಿ ಕಾಯುವುದು ತಪ್ಪಿದೆ. ಆದರೆ ಕೇಬಲ್ ಇರುವ ಭಾಗ ಬಂತೆಂದರೆ ಸಾಕು, ಸೆಲ್ಫಿಗೆಂದು ಕಾರುಗಳು ಅಲ್ಲೇ ನಿಲ್ಲುತ್ತವೆ. ಇರುವುದು ದ್ವಿಪಥ. ನಿಂತ ಕಾರನ್ನು ದಾಟಲು ಹಿಂದಿನ ಬಸ್ಸು ಎದುರಿನ ಪಥಕ್ಕೇ ನುಗ್ಗಬೇಕು. ಅಷ್ಟರಲ್ಲಿ ಮಕ್ಕಳು ಬಲಗಡೆಯ ಬಾಗಿಲು ತೆರೆದು ಇಳಿದರೆ ಮುಗಿಯಿತು. ಮಳೆಗಾಲದ ಮಂಜಿನಲ್ಲಂತೂ ನಿಂತ ವಾಹನ ಹತ್ತಿರ ಬರುವವರೆಗೂ ಕಾಣದು.

ಕಾರನ್ನು ದಡದಲ್ಲೇ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಪಾದಚಾರಿ ಪಥದಲ್ಲಿ ನಡೆಯಿರಿ. ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆ ಸಾಕು. ತುಂಬಿದ ಶರಾವತಿ ಹಿನ್ನೀರು ನೋಡಬೇಕೆಂದರೆ ಮಳೆ ಇಳಿದ ಮೇಲೆ ಬನ್ನಿ. ಮೇ ತಿಂಗಳಲ್ಲಿ ಕಾಣುವುದು ಹೆಚ್ಚಾಗಿ ಕೆಮ್ಮಣ್ಣಿನ ದಂಡೆಯೇ. ಎರಡೂ ತುದಿಗಳಲ್ಲಿ ಪಾರ್ಕಿಂಗ್, ಶೌಚಾಲಯ ಮತ್ತು ‘ನಿಲುಗಡೆ ನಿಷೇಧ’ ಫಲಕಗಳತ್ತ ಸಂಬಂಧಪಟ್ಟವರು ಗಮನ ಹರಿಸಲಿ.

– ಓದುಗರು, ಸಾಗರ