ಪಾಠ ಮುಗಿದ ಮೇಲೆ ಬರೆಯುವ ಪುಟ

ಸಿಂಧನೂರು

ಚಿರಂಜೀವಿ ಮಗಳಿಗೆ ದೊಡ್ಡವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅಳುತ್ತಿದ್ದೆ. ನಾನು ಸಮಾಧಾನದ ಮಾತಷ್ಟೇ ಆಡಿದೆ. ಕೆಲಸದ ಮಾತು ಹಾಗೇ ಉಳಿಯಿತು. ಅದಕ್ಕೇ ಈ ಕಾಗದ.

ರಾತ್ರಿ 11 ಗಂಟೆಯವರೆಗೆ ಕೂತು ಪಾಠ ಯೋಜನೆ ಬರೆದೆ, ಚಾರ್ಟ್ ಮಾಡಿದೆ, ಆದರೂ ಅಶೋಕನ ಪಾಠ 15 ನಿಮಿಷಕ್ಕೇ ಮುಗಿದುಹೋಯಿತು ಅಂದೆಯಲ್ಲ. ಉಳಿದ 25 ನಿಮಿಷ ನೋಟ್ಸ್ ಬರೆಸಿದೆ ಅಂದೆ. "ತಿಳೀತಾ?" ಅಂತ ಕೇಳಿದ್ದಕ್ಕೆ ಎಲ್ಲರೂ "ತಿಳೀತ್ರೀ ಟೀಚರ್" ಅಂದರಂತೆ. ಮರುದಿನ ಕೇಳಿದರೆ ಯಾರ ಬಾಯಿಂದಲೂ ಮಾತಿಲ್ಲ. ನೀನು ಇದನ್ನು ನಿನ್ನ ಸೋಲು ಅಂದುಕೊಂಡಿದ್ದೀಯ. ನನಗೆ ಹಾಗೆ ಕಾಣಲಿಲ್ಲ. ಮರುದಿನ ಕೇಳಿ ನೋಡಿದೆಯಲ್ಲ, ಅದೇ ದೊಡ್ಡದು. ಎಷ್ಟೋ ಜನ ಆ "ತಿಳೀತ್ರೀ"ಗೆ ಪುಸ್ತಕ ಮುಚ್ಚಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಮುಚ್ಚಿದ್ದೇನೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಇದೇ ಅಶೋಕನ ಪಾಠ. ಕಳಿಂಗ ಯುದ್ಧ, ಧರ್ಮ ಪ್ರಚಾರ, ಶಾಸನಗಳು, ಎಲ್ಲವನ್ನೂ ಹಲಗೆ ತುಂಬ ಬರೆದೆ. ಶಾಸನ ಸಿಕ್ಕ ಊರು ಅಂತ ಮಸ್ಕಿಯ ಹೆಸರನ್ನೂ ಬರೆದೆ. ಬೆಲ್ ಹೊಡೆದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, "ಟೀಚರ್, ಆ ಮಸ್ಕಿ ಅಂದ್ರ ನಮ್ಮ ಮಸ್ಕಿ ಏನ್ರೀ?" ಅಂತ ಕೇಳಿದ. ಅವನ ತಾಯಿಯ ತವರು ಅದು. ಆ ಗುಡ್ಡದಲ್ಲಿ ಅವನು ಆಡು ಮೇಯಿಸಿದ್ದ. 40 ನಿಮಿಷ ನಾನು ಮಾತಾಡಿದ್ದು ಅವನಿಗೆ ಎಲ್ಲೋ ದೂರದ ಊರಿನ ಸುದ್ದಿಯಾಗಿ ಕೇಳಿಸಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಗಳೇ.

ಮುಂದಿನ ವರ್ಷ ಅದೇ ಪಾಠಕ್ಕೆ ಬೇರೆ ಥರ ತಯಾರಾದೆ. ಏನೇನು ಹೇಳಬೇಕು ಅಂತ ಪಟ್ಟಿ ಮಾಡಲಿಲ್ಲ. ಮಕ್ಕಳ ತಲೆಯಲ್ಲಿ ಯಾವ ಪ್ರಶ್ನೆ ಹುಟ್ಟಬೇಕು ಅಂತ ಯೋಚಿಸಿದೆ. ಅದೊಂದೇ ಪ್ರಶ್ನೆ ಹುಡುಕಲು ಎರಡು ಸಂಜೆ ಬೇಕಾಯಿತು. ತರಗತಿಗೆ ಹೋಗಿ, "ನಿಮಗೆ ಮನೆಯಲ್ಲಿ ಏನಂತ ಕರೆಯುತ್ತಾರೆ? ಹಾಜರಿ ಪುಸ್ತಕದಲ್ಲಿ ಏನು ಹೆಸರಿದೆ?" ಅಂತ ಕೇಳಿದೆ. ಗುಂಡ, ಪುಟ್ಟಿ, ಸಣ್ಣಪ್ಪ, ಒಂದೊಂದೇ ಹೆಸರು ಹೊರಗೆ ಬಂದವು. ಆಮೇಲೆ, "ಮನೆ ಹೆಸರು ಮಾತ್ರ ಗೊತ್ತಿರುವ ಹೊಸಬರು ಯಾರಾದರೂ ಬಂದರೆ, ಹಾಜರಿ ಪುಸ್ತಕದಲ್ಲಿ ನಿಮ್ಮನ್ನು ಹೇಗೆ ಹುಡುಕುತ್ತಾರೆ?" ಅಂದೆ.

ಅಲ್ಲಿಂದ ಶಾಸನಕ್ಕೆ ಹೋದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಆ ಶಾಸನಗಳ ಬ್ರಾಹ್ಮಿ ಲಿಪಿ ಓದಿದ. ಬಂಡೆಗಳಲ್ಲಿ, ಕಂಬಗಳಲ್ಲಿ ಸಿಕ್ಕಿದ್ದು "ದೇವಾನಂಪಿಯ ಪಿಯದಸಿ", ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ, ಅನ್ನುವ ಬಿರುದು. ಅದು ಅಶೋಕನದೇ ಅಂತ ವಿದ್ವಾಂಸರು ಶ್ರೀಲಂಕಾದ ಪಾಳಿ ಗ್ರಂಥಗಳ ನೆರವಿನಿಂದ ಹೇಳುತ್ತಿದ್ದರು. ಆದರೆ ಶಾಸನದಲ್ಲೇ ಅವನ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ "ದೇವಾನಂಪಿಯಸ ಅಸೋಕಸ", ಅಂದರೆ ದೇವರಿಗೆ ಪ್ರಿಯನಾದ ಅಶೋಕನ, ಅಂತಿತ್ತು. ಮನೆ ಹೆಸರು, ಹಾಜರಿ ಹೆಸರು ಒಟ್ಟಿಗೆ! ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಅಶೋಕನ ಹೆಸರು ಸಿಕ್ಕಿತು.

ನೀನು ಈಗ ಇರುವುದು ಆ ಬಂಡೆಯಿಂದ ಎಷ್ಟು ದೂರ? ಒಮ್ಮೆ ಹೋಗಿ ನೋಡಿ ಬಾ. ನೋಡದೆ ಆ ಪಾಠ ಮಾಡಬೇಡ. ಅದರಲ್ಲಿ ಇನ್ನೂ ಒಂದು ಮಾತಿದೆ. ದೊಡ್ಡವರು ಮಾತ್ರ ಅಲ್ಲ, ಸಣ್ಣವರೂ ಧರ್ಮದಲ್ಲಿ ಮನಸ್ಸಿಟ್ಟರೆ ದೊಡ್ಡ ಗುರಿ ಮುಟ್ಟಬಹುದು ಅನ್ನುತ್ತಾನೆ ರಾಜ. ನಿನ್ನ ತರಗತಿಯ ಮಕ್ಕಳಿಗೆ ಆ ಸಾಲನ್ನು ನಿಧಾನವಾಗಿ ಓದಿ ಹೇಳು. ಏನಂತಾರೆ ಅಂತ ಕೇಳು.

ಕೇಳಿದ ಮೇಲೆ ಸುಮ್ನೆ ನಿಲ್ಲು. ಇದು ಬಹಳ ಕಷ್ಟ. ಪ್ರಶ್ನೆ ಕೇಳಿದ ತಕ್ಷಣ ನಾವೇ ಉತ್ತರ ಹೇಳಿಬಿಡುತ್ತೇವೆ, ಇಲ್ಲಾಂದ್ರೆ ಮೊದಲ ಸಾಲಿನ ಜಾಣ ಹುಡುಗಿಗೆ ಕೈ ತೋರಿಸುತ್ತೇವೆ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬುವವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನೇ ಕಂಡರು. ಟೀಚರುಗಳು ಸರಾಸರಿ 1 ಸೆಕೆಂಡು ಕಾಯುತ್ತಿದ್ದರಂತೆ. 3 ಸೆಕೆಂಡು ಕಾದರೆ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಿದ್ದೆ. ಮೊದಮೊದಲು ಆ ಮೌನಕ್ಕೆ ಮೈ ಬೆವರುತ್ತದೆ. ಆಮೇಲೆ ರೂಢಿಯಾಗುತ್ತದೆ.

ಯೋಜನೆಯ ನಮೂನೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಇಲಾಖೆ ಕೇಳಿದ್ದನ್ನು ಚೊಕ್ಕ ಬರೆದು ಇಡು, ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸು.

ಆದರೆ ನಿನಗಾಗಿ ಬೇರೆ ಒಂದು ನೋಟ್‌ಬುಕ್ ಇಟ್ಟುಕೋ. ಎಡಪುಟದಲ್ಲಿ ಪಾಠಕ್ಕೆ ಮುಂಚೆ, ಮಕ್ಕಳಲ್ಲಿ ಹುಟ್ಟಬೇಕಾದ ಆ ಒಂದು ಪ್ರಶ್ನೆಯೂ ಸೇರಿ, ನಾಲ್ಕೇ ಸಾಲು ಬರೆ. ಬಲಪುಟ ಖಾಲಿ ಬಿಡು. ಪಾಠ ಮುಗಿದ ಮೇಲೆ, ಬಿಸಿಯೂಟದ ಹೊತ್ತಿಗೆ, ಮಕ್ಕಳ ಮಾತನ್ನು ಅವರ ಬಾಯಿಂದ ಬಂದ ಹಾಗೇ ಬಲಪುಟದಲ್ಲಿ ಬರೆದಿಡು. "ಪಾಠ ಚೆನ್ನಾಗಿ ಆಯಿತು" ಅಂತ ಬರೆಯಬೇಡ, ಅದರಿಂದ ಮುಂದಿನ ವರ್ಷ ನಿನಗೇನೂ ಸಿಗುವುದಿಲ್ಲ. "ನಮ್ಮ ಮಸ್ಕಿ ಏನ್ರೀ?" ಅನ್ನುವ ಮಾತು ಆವತ್ತೇ ಬರೆದಿಟ್ಟಿದ್ದರಿಂದ ನನಗೆ ಉಳಿಯಿತು. ಸಂಜೆ ಮನೆಗೆ ಹೋಗಿ ಬರೆಯುತ್ತೇನೆ ಅಂದುಕೊಂಡರೆ ಅರ್ಧ ಮರೆತಿರುತ್ತದೆ. ಎಲ್ಲಿ ತಡವರಿಸಿದೆ, ಯಾವ ಪದಕ್ಕೆ ಮಕ್ಕಳ ಮುಖ ಬಾಡಿತು, ಯಾರು ಇಡೀ ಪೀರಿಯಡ್ ಒಂದೂ ಮಾತಾಡಲಿಲ್ಲ, ಇವೂ ಇರಲಿ.

ಯಾರು ಬಂದಿರಲಿಲ್ಲ ಅಂತಲೂ ಬರೆ. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿ ಇರುತ್ತದೆ. ಕೆಲವರು ಅಪ್ಪ ಅವ್ವನ ಜೊತೆ ಗುಳೆ ಹೋಗಿರುತ್ತಾರೆ. ಅವರು ತಿರುಗಿ ಬಂದ ದಿನ "ನೀನು ಇರಲಿಲ್ಲ, ನೋಟ್ಸ್ ಬರಕೋ" ಅಂದರೆ ಆ ಮಗು ಇನ್ನೂ ಹಿಂದೆ ಸರಿಯುತ್ತದೆ. ನೋಟ್‌ಬುಕ್ ತೆಗೆದು, ಬಿಟ್ಟುಹೋದ ಪಾಠದ ಆ ಒಂದು ಪ್ರಶ್ನೆಯನ್ನು ಅವರಿಗೂ ಕೇಳು. ಹತ್ತು ನಿಮಿಷ ಸಾಕು.

ಬರುವ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಹೆಡ್‌ಮಾಸ್ಟರರ ಒಪ್ಪಿಗೆ ಕೇಳಿಡು. ಹಿಂದೆ ಮಕ್ಕಳ ಸಾಲಿನಲ್ಲಿ ಕೂತು ನಿನ್ನ ಪಾಠ ಕೇಳುತ್ತೇನೆ. ನಾನು ಬರುತ್ತೇನೆ ಅಂತ ವಿಶೇಷವಾಗಿ ಏನೂ ತಯಾರಿ ಮಾಡಬೇಡ, ದಿನದ ಪಾಠವೇ ಇರಲಿ. ನೀನು ಹಲಗೆಯ ಕಡೆ ತಿರುಗಿದಾಗ ಮಕ್ಕಳು ಏನು ಪಿಸುಗುಟ್ಟುತ್ತಾರೆ ಅಂತ ನಾನು ಬರೆದುಕೊಳ್ಳುತ್ತೇನೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ಗುಡ್ಡಕ್ಕೆ ಹೋಗೋಣ. ರೊಟ್ಟಿ, ಶೇಂಗಾ ಚಟ್ನಿ ನಾನು ಕಟ್ಟಿಕೊಂಡು ಬರುತ್ತೇನೆ, ನೀನು ನೀರಿನ ಬಾಟಲಿ ತಾ.

ನಿನ್ನ ದೊಡ್ಡವ್ವ