ಆ್ಯಪ್ ತೋರಿಸಿದ ಎಚ್‌ಪಿ ನಂಬಿ ಎಂಜಿನ್ ಬಿಚ್ಚಿಸಬೇಡಿ

ಮಾನ್ಯರೇ,

ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಬಳಿಗೆ ಈಚೆಗೆ ಬರುವ ಹುಡುಗರು ಗಾಡಿಗಿಂತ ಮೊದಲು ಮೊಬೈಲ್ ತೋರಿಸುತ್ತಾರೆ. ಅದರಲ್ಲಿ ಎಂಜಿನ್ನಿನ ಶಕ್ತಿಯನ್ನು ಎಚ್‌ಪಿಯಲ್ಲಿ, ಅಂದರೆ ಹಾರ್ಸ್‌ಪವರ್ (ಅಶ್ವಶಕ್ತಿ) ಲೆಕ್ಕದಲ್ಲಿ ಹೇಳುವ ಆ್ಯಪ್ ಇರುತ್ತದೆ. ‘ಕಂಪನಿಯವರು 90 ಎಚ್‌ಪಿ ಎಂದಿದ್ದಾರೆ, ಆ್ಯಪ್‌ನಲ್ಲಿ 60 ದಾಟುತ್ತಿಲ್ಲ, ಎಂಜಿನ್ ಬಿಚ್ಚಿ ನೋಡಿ ಅಣ್ಣ’ ಎನ್ನುತ್ತಾರೆ. ಹಳೆಯ ಕಾರಿನ ವ್ಯಾಪಾರದಲ್ಲೂ ಈ ಅಂಕಿ ಹಿಡಿದು ಚೌಕಾಸಿ ಮಾಡುವವರಿದ್ದಾರೆ. ಚೆನ್ನಾಗಿರುವ ಎಂಜಿನ್ ಬಿಚ್ಚಲು ನನಗೆ ಕೈ ಬರುವುದಿಲ್ಲ.

ಆ್ಯಪ್ ಎಂಜಿನ್ನಿನ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಮೊಬೈಲಿನೊಳಗೆ ಚಲನೆಯ ಏರಿಳಿತ ಗುರುತಿಸುವ ಸೆನ್ಸರ್ ಆದ ಆಕ್ಸೆಲರೋಮೀಟರಿನಿಂದಲೋ, ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ) ಸಾಕೆಟ್ಟಿಗೆ ಸಿಕ್ಕಿಸಿದ ಅಡಾಪ್ಟರಿನಿಂದಲೋ ವೇಗ ಮತ್ತು ವೇಗೋತ್ಕರ್ಷ (ವೇಗ ಏರುವ ದರ) ಪಡೆದು, ನಾವು ಬರೆದುಕೊಟ್ಟ ತೂಕದಿಂದ ಗುಣಿಸುತ್ತದೆ. ಚಾಲಕನೂ ಸೇರಿ 1200 ಕಿಲೋ ಇರುವ ಕಾರು ಗಂಟೆಗೆ 60 ಕಿ.ಮೀ. ಮುಟ್ಟಿದಾಗ ಪ್ರತಿ ಸೆಕೆಂಡಿಗೂ ವೇಗ ಇನ್ನೂ ಗಂಟೆಗೆ 7.2 ಕಿ.ಮೀ.ನಷ್ಟು ಏರುತ್ತಿದ್ದರೆ 40 ಕಿಲೋವಾಟ್, ಅಂದರೆ ಸುಮಾರು 54 ಎಚ್‌ಪಿ. ಅದೇ ಕಾರಿಗೆ ಮೂವರು ಗೆಳೆಯರೂ ಸಾಮಾನೂ ಸೇರಿ 250 ಕಿಲೋ ಹೇರಿ, ಆ್ಯಪ್‌ನಲ್ಲಿ ತೂಕ ತಿದ್ದದೆ ಓಡಿಸಿದರೆ ಅಂಕಿ 45ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಮಾತ್ರ ಅದೇ! ನೂರು ಮೀಟರಿಗೆ ಎರಡು ಮೀಟರ್ ಏರುವ ರಸ್ತೆ ಮತ್ತೆ ಐದು ಎಚ್‌ಪಿ ನುಂಗುತ್ತದೆ. ಅಂಥ ಏರು ಕಣ್ಣಿಗೆ ಕಾಣುವುದೇ ಕಷ್ಟ. ಆಕ್ಸೆಲರೋಮೀಟರ್ ನಂಬಿದರೆ ತಪ್ಪು ಇನ್ನೊಂದು ಬಗೆಯದು. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಕಾರಿನ ಮೂತಿ ಒಂದು ಡಿಗ್ರಿ ಮೇಲೆದ್ದರೂ ಸಾಕು, ಗುರುತ್ವವನ್ನೇ ವೇಗೋತ್ಕರ್ಷವೆಂದು ಎಣಿಸಿ ಇಲ್ಲದ ನಾಲ್ಕೂವರೆ ಎಚ್‌ಪಿ ಸೇರಿಸುತ್ತದೆ.

ಇನ್ನು ಕಂಪನಿ ಹೇಳುವ 90 ಎಚ್‌ಪಿ, ಎಂಜಿನ್ನಿನಿಂದ ಶಕ್ತಿ ಹೊರಬರುವ ಜಾಗದಲ್ಲೇ ಅಳೆದದ್ದು, ಅದೂ ನಿರ್ದಿಷ್ಟ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಲ್ಲಿ). ಗೇರ್‌ಬಾಕ್ಸ್, ಟೈರು, ಎದುರುಗಾಳಿ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದೇ ಆ್ಯಪ್‌ಗೆ ಸಿಗುವುದು.

ಹಾಗೆಂದು ಈ ಸೆನ್ಸರ್‌ಗಳು ಕೆಲಸಕ್ಕೆ ಬಾರದವೆಂದು ನಾನು ಹೇಳುತ್ತಿಲ್ಲ. ಗಾಡಿಯನ್ನು ವೇಬ್ರಿಡ್ಜ್ ಹತ್ತಿಸಿ ನಿಜವಾದ ತೂಕ ಬರೆದುಕೊಳ್ಳಿ. ಒಂದೇ ಗೇರಿನಲ್ಲಿ, ಒಂದೇ ದಾರಿಯಲ್ಲಿ ಹೋಗುತ್ತಲೂ ಬರುತ್ತಲೂ ಅಳೆದು ಸರಾಸರಿ ತೆಗೆಯಿರಿ. ಆ ಅಂಕಿಯನ್ನು ನಿಮ್ಮದೇ ಗಾಡಿಯ ಹಿಂದಿನ ಅಂಕಿಯ ಜೊತೆ ಹೋಲಿಸಿದರೆ ಏರ್ ಫಿಲ್ಟರ್ ಕಟ್ಟಿಕೊಂಡದ್ದೋ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸೋರುತ್ತಿರುವುದೋ ತಿಳಿಯಲು ದಾರಿಯಾಗುತ್ತದೆ. ಆದರೆ ಲಾರಿಗಳು ಸಾಲುಗಟ್ಟಿ ಓಡುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮೊಬೈಲ್ ನೋಡುತ್ತಾ ಈ ಪ್ರಯೋಗ ಬೇಡವೇ ಬೇಡ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಶಕ್ತಿ ಅಳೆಯುವ ಚಾಸಿ ಡೈನಮೋಮೀಟರನ್ನು ಅವುಗಳಲ್ಲಿ ಒಂದಾದರೂ ಶುಲ್ಕ ಪಡೆದು ಸಾರ್ವಜನಿಕರಿಗೂ ಒದಗಿಸಲಿ. ಅಳೆಯುವ ಕೆಲಸ ವಿದ್ಯಾರ್ಥಿಗಳೇ ಮಾಡಲಿ. ವರದಿ ಹಿಡಿದು ಬಂದವರ ಗಾಡಿಯನ್ನು ನಾನು ಸಂತೋಷದಿಂದ ನೋಡುತ್ತೇನೆ.

— ಗ್ಯಾರೇಜ್ ಮೆಕ್ಯಾನಿಕ್, ದಾವಣಗೆರೆ