ಎಚ್ಚರಿಕೆಗೆ ಸೊಪ್ಪಿನ ಗೆಲ್ಲೇ ಗತಿಯೇ?

ಮಾನ್ಯ ಸಂಪಾದಕರೇ,

ಕೇರಳದ ಗಡಿನಾಡು ಕಾಸರಗೋಡಿನ ಶಿರಿಯ ಸೇತುವೆಯ ಈಚೆ ವಾಹನಗಳು ಒಂದರ ಹಿಂದೊಂದು ಗುದ್ದಿಕೊಂಡ ಸುದ್ದಿಯಲ್ಲಿ ‘ಚಾಲಕರ ಅಜಾಗರೂಕತೆಯೇ ಕಾರಣ’ ಎಂದು ಬಂದಿದೆ. ಆ ಸಾಲಿನಲ್ಲಿ ನನ್ನ ಕಾರೂ ಇತ್ತು.

ಕುಂಬಳೆ ದಾಟಿದರೆ ಷಟ್ಪಥ ಹೆದ್ದಾರಿ, ಎಲ್ಲರೂ 80ರ ಮೇಲೆಯೇ ಹೋಗುವುದು. ತಿರುವು ಕಳೆದದ್ದೇ ತಡ, ಎದುರಿಗೆ ನಿಂತ ವಾಹನಗಳ ಸಾಲು! ‘ಕಾಮಗಾರಿ ನಡೆಯುತ್ತಿದೆ, ನಿಧಾನವಾಗಿ ಚಲಿಸಿ’ ಬೋರ್ಡು ಇರಲಿಲ್ಲವೇ ಎಂದು ಕೇಳುತ್ತಾರೆ. ಇತ್ತಲ್ಲ, ಅಗೆದ ಹೊಂಡದ ಬುಡದಲ್ಲೇ ಇತ್ತು. ಸಾಲಿನ ಬಾಲ ಬೆಳೆದು ತಿರುವಿನವರೆಗೆ ಬಂದದ್ದು ಬೋರ್ಡಿಗೆ ಗೊತ್ತಾಗುವುದು ಹೇಗೆ? 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ತುಳಿದು, ನಿಲ್ಲಲು 120 ಮೀಟರ್ ಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೇ ಲೆಕ್ಕ ಹಾಕಿದೆ. ಬಾಲದ ಹಿಂದೆ ಕೆಂಪು ಬಾವುಟ ಹಿಡಿದು ಒಬ್ಬ ನಿಂತಿದ್ದರೆ ಸಾಕಿತ್ತು.

ನಾನು ಹೇಗೋ ನಿಲ್ಲಿಸಿದೆ. ಹಿಂದಿನ ಪಿಕಪ್ ನಿಲ್ಲಲಿಲ್ಲ. ಡಿಕ್ಕಿ ಬಾಗಿಲು ಒಳಗೆ ಹೋಯಿತು, ಕಣ್ಣಿನ ಆಪರೇಷನ್ ಆದ ಅತ್ತೆಯವರ ಕಪ್ಪು ಕನ್ನಡಕ ಮುರಿಯಿತು, ಮಂಗಳೂರಿನ ಡಾಕ್ಟರರ ಟೋಕನ್ ತಪ್ಪಿತು, ಇನ್ಶೂರೆನ್ಸಿನ ಬೋನಸ್ ಹೋಯಿತು. ಸಾಲದ್ದಕ್ಕೆ ಪಿಕಪ್‌ನವನಿಂದ ‘ಎಂತ ಮಾರಾಯ್ರೇ, ಹೀಗೆ ಬ್ರೇಕ್ ಹಾಕುವುದಾ?’ ಎಂಬ ಉಪದೇಶ ಬೇರೆ. ಅಷ್ಟರಲ್ಲಿ ಒಬ್ಬ ಲಾರಿ ಕ್ಲೀನರ್ ಇಳಿದು ಬದಿಯ ಗಾಳಿಮರದ ಗೆಲ್ಲು ಮುರಿದು ತಿರುವಿನಾಚೆ ರಸ್ತೆಗೆ ಅಡ್ಡ ಇಟ್ಟು, ತಲೆಗೆ ಕಟ್ಟಿದ್ದ ತೋರ್ತು (ತೆಳು ಟವೆಲ್) ಬೀಸುತ್ತಾ ನಿಂತ. ಅಂದು ಆ ಜಾಗದಲ್ಲಿ ಕೆಲಸ ಮಾಡಿದ ಏಕೈಕ ಹೆದ್ದಾರಿ ಅಧಿಕಾರಿ ಅವನೇ!

ಫೋನ್ ಮಾಡಿದರೆ ಹೆದ್ದಾರಿ ಕಚೇರಿಯವರು ಗುತ್ತಿಗೆದಾರರನ್ನು ಕೇಳಿ ಎಂದರು, ಗುತ್ತಿಗೆಯವರು ಪೊಲೀಸರನ್ನು ಕೇಳಿ ಎಂದರು. ಇದು ರಾಷ್ಟ್ರೀಯ ಹೆದ್ದಾರಿ 17 ಎಂದಿದ್ದ ಕಾಲದಿಂದಲೂ ಇದೇ ಕತೆ. ಆಗ ಹೊಂಡಕ್ಕೆ ನಾವೇ ಬಾಳೆ ನೆಡುತ್ತಿದ್ದೆವು, ಮಂತ್ರಿ ಬರುವ ಹಿಂದಿನ ರಾತ್ರಿ ಮಾತ್ರ ಡಾಮರು ಬರುತ್ತಿತ್ತು. ಈಗಲೂ ಬೋರ್ಡು ಸಿಕ್ಕಿದರೆ ಅದರಲ್ಲಿ ಕನ್ನಡ ಇರುವುದಿಲ್ಲ. ಸರಕಾರಿ ಅರ್ಜಿ ಫಾರಂನಲ್ಲೇ ಕನ್ನಡ ಕೊಡದವರು ಹೆದ್ದಾರಿಯಲ್ಲಿ ಕೊಡುತ್ತಾರೆಯೇ?

ಸಂಬಂಧಪಟ್ಟವರು, ಅದು ಯಾರೇ ಆಗಿರಲಿ, ಸಾಲಿನ ಬಾಲಕ್ಕೆ ಜನ ನಿಲ್ಲಿಸಲಿ, ರಾತ್ರಿಗೆ ಮಿನುಗು ದೀಪ ಇಡಲಿ. ಇಲ್ಲವಾದರೆ ಒಮ್ಮೆ ಈ ಕೆಲಸವನ್ನೇ ಮುಗಿಸಿ ಹೋಗಲಿ. ಎರಡೂ ಆಗದವರು ಸರಕಾರಿ ಜೀಪಿನಲ್ಲಿ ಕೂತು ನಮಗೆ ಜಾಗರೂಕತೆಯ ಪಾಠ ಹೇಳುವುದನ್ನಾದರೂ ನಿಲ್ಲಿಸಲಿ.

– ನೊಂದ ಓದುಗ, ಸೀತಾಂಗೋಳಿ